ಬಟನ್ನಿಗೆ ಬಡಿಸಿದ್ದು

ಹೆಂಡತಿ ತನ್ನ ಪುಟ್ಟ ನಾಯಿಯನ್ನು ಹಗ್ಗದಿಂದ ಸೊಂಟಕ್ಕೆ ಕಟ್ಟಿಕೊಂಡು, ಅದನ್ನು ಮುಂದೆ ಓಡಬಿಟ್ಟು, ಹೊಲ, ಗುಡ್ಡ ದಾಟುವ ಓಟದ ಪಂದ್ಯದ ತಾಲೀಮಿಗೆ ಇಳಿದಾಗಿನಿಂದ ದರ್ಜಿಗೆ ಹೊಟ್ಟೆಯುರಿ ಶುರುವಾಗಿತ್ತು. ನಾಯಿಯಾದರೂ ಎಷ್ಟು? ಗೇಣುದ್ದದ ಪ್ರಾಣಿ, ಹೆಸರು ಬಟನ್. ಅವರಿಬ್ಬರನ್ನೂ ಬಿಗಿಯುವ ಸೊಂಟಪಟ್ಟಿಯನ್ನು ಹೊಲಿದುಕೊಟ್ಟವನು ತಾನೇ ಎಂಬುದು ಇನ್ನೊಂದು ಉರಿ. ಈಗ ಬೆಳಗಾದರೆ ಅವಳು "ಏಳೋ ನನ್ನ ರಾಜ" ಎನ್ನುತ್ತಿದ್ದದ್ದು ಬಟನ್ನಿಗೆ.

"ನಾನೂ ಬರ್ಲೇನೇ ಓಡೋಕೆ?" ಎಂದು ಒಮ್ಮೆ ಕೇಳಿದ್ದ.

"ಅಯ್ಯೋ, ಅವನಾದ್ರೆ ನನ್ನ ಎಳ್ಕೊಂಡು ಹೋಗ್ತಾನೆ. ನಿಮ್ಮನ್ನ ನಾನೇ ಎಳೀಬೇಕಾಗುತ್ತೆ!" ಎಂದು ನಕ್ಕಿದ್ದಳು.

ಪಂದ್ಯದ ದಿನ ಅವಳು ಬೂಟು ಕಟ್ಟಿಕೊಳ್ಳುತ್ತಿದ್ದಾಗ ದರ್ಜಿ ಗುಟ್ಟಾಗಿ ಬಟನ್ನಿಗೆ ಕಂಠಪೂರ್ತಿ ಮಾಂಸ ತಿನ್ನಿಸಿದ. ಈಗ ಓಡು ಮಗನೇ, ನೋಡೋಣ!

ಅವನೆಣಿಸಿದಂತೆಯೇ ನಾಯಿ ಅರ್ಧ ದಾರಿಯಲ್ಲಿ ಕೂತುಬಿಟ್ಟಿತಂತೆ. ಎಲ್ಲರೂ ಗುರಿ ಮುಟ್ಟಿ ಎಷ್ಟೋ ಹೊತ್ತಾದ ಮೇಲೆ ಹೆಂಡತಿ ಕೊನೆಯವಳಾಗಿ ಬಂದಳು. ಬಟನ್ ಅವಳ ಎದೆಗಂಟಿಕೊಂಡು, ಕೆನ್ನೆ ನೆಕ್ಕುತ್ತಾ, ಮದುವಣಿಗನಂತೆ ಮೆರೆಯುತ್ತಿತ್ತು. ದರ್ಜಿ ಟವೆಲ್ ಚಾಚಿದ. ಅವಳು ಅದನ್ನು ಕಿತ್ತುಕೊಂಡು ನಾಯಿಗೆ ಹೊದಿಸಿದಳು.

"ಪಾಪ, ಇವನಿಗೆ ಹುಷಾರಿಲ್ಲ ಕಣ್ರೀ," ಎಂದಳು. "ಇವತ್ತು ನನ್ನ ಪಕ್ಕದಲ್ಲೇ ಮಲಗ್ಲಿ. ನೀವು ಕೆಳಗೆ ಹಾಸ್ಕೊಳ್ಳಿ."