ಒಂದು ಹಾಳೆ ಕಡಿಮೆ

ಅವಳು ಮೂರನೇ ಸಲ ಎಣಿಸಿದಾಗಲೂ ಪುಸ್ತಕದ ಹಾಳೆಗಳು ಇನ್ನೂರ ಹನ್ನೊಂದೇ ಇದ್ದವು. ಕೊನೆಯ ಹಾಳೆಯ ಮೂಲೆಯಲ್ಲಿ ಅಪ್ಪನ ಕೈಬರಹ ಮಾತ್ರ ಇನ್ನೂರ ಹನ್ನೆರಡು ಎನ್ನುತ್ತಿತ್ತು. ಕೆಳಗೆ ಅವನ ಸಹಿ.

ಶಾಸನಸಭೆಯ ಬೈಂಡಿಂಗ್ ಕೋಣೆಯಲ್ಲಿ ಅಪ್ಪ ಮೂವತ್ತು ವರ್ಷ ಕೂತಿದ್ದ ಸ್ಟೂಲಿನ ಮೇಲೆ ಈಗ ಅವಳು ಕೂರುತ್ತಿದ್ದಳು. ಪುಸ್ತಕ ಕೈಬಿಡುವ ಮುನ್ನ ಬೈಂಡರ್ ಹಾಳೆ ಎಣಿಸಿ ಸಹಿ ಹಾಕಬೇಕು ಎನ್ನುವುದು ಅಲ್ಲಿಯ ನಿಯಮ. ತನ್ನ ಕೈಯಲ್ಲಿ ಒಂದು ಹಾಳೆಯೂ ಕಳೆದಿಲ್ಲ ಎಂಬ ಮಾತೊಂದೇ ಅಪ್ಪ ಕೂಡಿಟ್ಟ ಆಸ್ತಿ.

ಇದು ಸಭೆಯ ಮೊಟ್ಟಮೊದಲ ನಡಾವಳಿ ಪುಸ್ತಕ; ಹಳೆಯ ರಟ್ಟು ಸವೆದಾಗ ಅಪ್ಪನೇ ಇದನ್ನು ಮತ್ತೆ ಬೈಂಡ್ ಮಾಡಿದ್ದ. ಸುತ್ತಲ ಸೀಮೆಗೆಲ್ಲ ತಮ್ಮದೇ ಹಳೆಯ ಶಾಸನಸಭೆ ಎಂದು ಹೊಳೆಯ ಈಚೆಯವರೂ ಆಚೆಯವರೂ ತಲೆಮಾರುಗಳಿಂದ ಜಗ್ಗಾಡುತ್ತಿದ್ದರು. ಆಚೆಯ ಸಭೆ ಮೊದಲ ಸಲ ಕೂತದ್ದು ಎಂಟನೇ ತಾರೀಖು. ಈಚೆಯದು ಅದೇ ತಿಂಗಳ ಮೂರಕ್ಕೆ ಎಂದು ಮೊದಲ ಪುಟವೇ ಹೇಳುತ್ತಿತ್ತು. ಸೋಮವಾರ ಪುಸ್ತಕವನ್ನು ಗಾಜಿನ ಪೆಟ್ಟಿಗೆಯಲ್ಲಿಟ್ಟು ಆಚೆಯವರ ಬಾಯಿ ಮುಚ್ಚಿಸುವುದೆಂದು ತೀರ್ಮಾನವಾಗಿತ್ತು.

"ಇನ್ನೂರ ಹನ್ನೊಂದು ಅಂತ್ಲೇ ಬರೆದುಬಿಡಮ್ಮ," ಎಂದರು ಕಾರ್ಯದರ್ಶಿ. "ನಿಮ್ಮಪ್ಪ ಲೆಕ್ಕ ತಪ್ಪಿರಬೇಕು. ವಯಸ್ಸಲ್ವಾ."

"ಆಗ ಅವರಿಗೆ ನಲವತ್ತು ಸಾರ್. ನಾಳೆ ಸಹಿ ಹಾಕ್ತೀನಿ."

ಸಂಜೆ ಮನೆಯಲ್ಲಿ ಅಪ್ಪ ಬಟಾಣಿ ಸುಲಿಯುತ್ತಿದ್ದ. ಅರ್ಧ ಕಾಳು ನೆಲದ ಪಾಲಾಗುತ್ತಿತ್ತು.

"ಅಪ್ಪ, ಮೊದಲನೇ ಪುಸ್ತಕದಲ್ಲಿ ಒಂದು ಹಾಳೆ ಕಡಿಮೆ ಇದೆ."

"ಇಲ್ಲ."

"ಮೂರು ಸಲ ಎಣಿಸಿದೆ."

"ಕಣ್ಣಲ್ಲಿ ಎಣಿಸಿರ್ತೀಯ. ಬೆರಳಲ್ಲಿ ಎಣಿಸು ಅಂತ ಬಡ್ಕೊಂಡಿದೀನಿ."

ಅವಳು ಕದಲಲಿಲ್ಲ. ಅಪ್ಪ ನಾಲ್ಕು ಕಾಯಿ ಸುಲಿದ. ಆಮೇಲೆ ತಲೆ ಎತ್ತದೆ ಹೇಳಿದ: "ಹರಿದು ಹಾಕು ಅಂದ್ರು, ಆಗಿನ ಕಾರ್ಯದರ್ಶಿ. ಹರಿಯೋಕೆ ಕೈ ಬರಲಿಲ್ಲ. ಆಗಲ್ಲ ಅನ್ನೋಕೆ ಬಾಯೂ ಬರಲಿಲ್ಲ. ಪಕ್ಕದ ಹಾಳೆಗೆ ಅಂಟಿಸಿದೆ."

"ಯಾವ ಅಂಟಲ್ಲಿ?"

ಆ ಪ್ರಶ್ನೆಗೆ ಅಪ್ಪನ ಮುಖ ಸ್ವಲ್ಪ ಸಡಿಲಾಯಿತು. "ಮೈದಾ ಅಂಟು. ಅಂಚಿಗೆ ಮಾತ್ರ. ಗೋಂದಾಗಿದ್ರೆ ಏಳೇಳು ಜನ್ಮಕ್ಕೂ ಬಿಡ್ತಿರಲಿಲ್ಲ."

ಬೆಳಿಗ್ಗೆ ಅವಳು ಬೆರಳಲ್ಲಿ ಎಣಿಸಿದಳು. ಮೊದಲ ಹಾಳೆಯೇ ದಪ್ಪಗಿತ್ತು. ಅಂಚಿನುದ್ದಕ್ಕೂ ಒದ್ದೆ ಬ್ಲಾಟಿಂಗ್ ಪೇಪರ್ ಇಟ್ಟು, ಅರ್ಧ ಗಂಟೆ ಕಾದು, ಮೊಂಡು ಚಾಕು ತೂರಿಸಿದಳು. ಹಾಳೆ ಎರಡಾಯಿತು. ಬೆಳಕು ಕಾಣದ ಶಾಯಿ ನಿನ್ನೆ ಬರೆದಂತಿತ್ತು: ಮೂರನೇ ತಾರೀಖು ಹತ್ತೊಂಬತ್ತು ಸದಸ್ಯರಲ್ಲಿ ಏಳು ಜನ ಬಂದರು. ಕೋರಂ ಇಲ್ಲ. ಅಧ್ಯಕ್ಷರು ಮಧ್ಯಾಹ್ನದವರೆಗೆ ಕಾದು ಎಲ್ಲರನ್ನೂ ಮನೆಗೆ ಕಳಿಸಿದರು. ಸಭೆ ನಿಜಕ್ಕೂ ಕೂತದ್ದು ಹನ್ನೊಂದಕ್ಕೆ.

ಕಾರ್ಯದರ್ಶಿ ಎರಡು ಸಲ ಓದಿದರು. "ಅಂದ್ರೆ ಅವರಿಗಿಂತ ನಾವು ಮೂರು ದಿನ ಚಿಕ್ಕವರು?"

"ಹೌದು ಸಾರ್."

"ವಾಪಸ್ ಅಂಟಿಸು. ಈಗಲೇ."

"ಆಗಲ್ಲ ಸಾರ್."

"ನಿಂಗೆ ಕೆಲಸ ಬೇಕೋ ಬೇಡ್ವೋ?"

"ಬೇಕು. ಎಣಿಸೋದೇ ನನ್ನ ಕೆಲಸ."

ಅವರ ಎದುರಿಗೇ ಕೊನೆಯ ಹಾಳೆ ತೆರೆದು, ಅಪ್ಪನ ಸಹಿಯ ಕೆಳಗೆ 'ಇನ್ನೂರ ಹನ್ನೆರಡು, ಸರಿಯಿದೆ' ಎಂದು ಬರೆದು ಸಹಿ ಹಾಕಿದಳು. ಶಾಯಿ ಆರುವವರೆಗೂ ಪುಸ್ತಕದ ಮೇಲಿಂದ ಕೈ ತೆಗೆಯಲಿಲ್ಲ.