ಚರ್ಮದ ವಾಷರಿಗೆ ಎರಡು ಹನಿ

ಅಪ್ಪ ಬಿಟ್ಟುಹೋದ ಏರ್‌ಗನ್ ಅಣ್ಣನ ಮನೆಯ ಬೀರುವಿನ ಪಕ್ಕದಲ್ಲಿ, ಮರದ ಹಿಡಿ ನೆಲಕ್ಕೂರಿ, ನಳಿಗೆ ಮೇಲೆ ಮಾಡಿಕೊಂಡು ನಿಂತಿರುತ್ತಿತ್ತು. ಅದಕ್ಕೆ ಮದ್ದು ಬೇಡ. ನಳಿಗೆಯನ್ನು ಕೆಳಕ್ಕೆ ಮಡಚಿ ಎಳೆದರೆ ಒಳಗಿನ ಸ್ಪ್ರಿಂಗ್ ಕುಗ್ಗಿ ಕೂರುತ್ತದೆ. ಟ್ರಿಗರ್ ಒತ್ತಿದ ಕೂಡಲೇ ಸ್ಪ್ರಿಂಗ್ ಪಿಸ್ಟನ್ನನ್ನು ನೂಕುತ್ತದೆ, ಪಿಸ್ಟನ್ ಗಾಳಿಯನ್ನು ನೂಕುತ್ತದೆ, ಗಾಳಿ ಮೆಣಸಿನ ಕಾಳಿನಷ್ಟು ದಪ್ಪದ ಸೀಸದ ಗುಂಡನ್ನು ನೂಕುತ್ತದೆ. ನಡುವೆ ಗಾಳಿ ಸೋರದಂತೆ ಕಾಯುವುದು ಪಿಸ್ಟನ್ನಿನ ತಲೆಗಿರುವ ಚರ್ಮದ ವಾಷರ್.

ಆ ಚರ್ಮ ತಂಗಿಯ ಶಾಲೆಯ ಚೀಲದ್ದು. ಚೀಲದ ಹೊಲಿಗೆ ಬಿಟ್ಟ ವರ್ಷ ಅಪ್ಪ ಅದರ ಮುಚ್ಚಳ ಕತ್ತರಿಸಿ, ಎಣ್ಣೆಯಲ್ಲಿ ನೆನೆಸಿ, ಔಷಧಿ ಸೀಸೆಯ ಬಿರಡೆಯ ಮೇಲೆ ಎಳೆದು ಬಟ್ಟಲಿನ ಆಕಾರಕ್ಕೆ ತಂದಿದ್ದರು. ಆಕಾರ ನಿಲ್ಲುವ ತನಕ ಎರಡೂ ಹೆಬ್ಬೆರಳಿನಿಂದ ಒತ್ತಿ ಹಿಡಿದು ಕೂತವಳು ಅವಳು. ಅಪ್ಪನ ನಿಯಮ ಒಂದೇ: ಗುರಿ ಹೊಡೆಯುವ ಹಿಂದಿನ ದಿನ ನಳಿಗೆಯ ಬುಡದ ಸಣ್ಣ ತೂತಿನಲ್ಲಿ ಎಣ್ಣೆ, ಎರಡು ಹನಿ. ಮೂರನೆಯದು ಹಾಕಿದವರಿಗೆ ಊಟವಿಲ್ಲ.

ಅಪ್ಪ ಹೋದ ಮೇಲೂ ಅವರ ಹುಟ್ಟಿದ ತಿಂಗಳಿನ ಮೊದಲ ಭಾನುವಾರ ಅಣ್ಣ ತಂಗಿ ಹಿತ್ತಲಲ್ಲಿ ಹತ್ತು ಹತ್ತು ಗುಂಡು ಹೊಡೆಯುತ್ತಿದ್ದರು. ಗೆದ್ದವರ ಮಾತು ಬಂದೂಕಿನ ವಿಷಯದಲ್ಲಿ ಒಂದು ವರ್ಷ ನಡೆಯಬೇಕು. ಇಷ್ಟು ದಿನ ಆ ಮಾತಿಗೆ ದೊಡ್ಡ ಬೆಲೆಯೇನೂ ಇರಲಿಲ್ಲ. ಈ ಸಲ ಇತ್ತು. ಹೊಲಿಗೆ ಮೆಷಿನ್ ರಿಪೇರಿ ಅಂಗಡಿ ಇಟ್ಟಿದ್ದ ಅಣ್ಣ ಒಂದು ಪೊಟ್ಟಣ ತರಿಸಿಟ್ಟುಕೊಂಡಿದ್ದ. ಅದರಲ್ಲಿ ನೀಲಿ ಪ್ಲಾಸ್ಟಿಕ್ ವಾಷರ್.

"ಗೆದ್ರೆ ನಾಳೆ ಸಾಯಂಕಾಲಾನೇ ಬಿಚ್ಚಿ ಹಾಕೋದು" ಎಂದ, ಶನಿವಾರ ತಂಗಿ ಬಂದು ಚೀಲ ಕೆಳಗಿಡುತ್ತಿದ್ದಂತೆ. "ಚರ್ಮದ ಕಾಲ ಮುಗೀತು ಕಣೇ ಮಿಲಿಗ್ರಾಂ."

ತಂಗಿ ನೀರು ಪರೀಕ್ಷಿಸುವ ಲ್ಯಾಬಿನಲ್ಲಿ ಕೆಮಿಸ್ಟ್. ಅಣ್ಣ ಅವಳನ್ನು ಹೆಸರು ಹಿಡಿದು ಕರೆದು ಯಾವ ಕಾಲವಾಯಿತೋ.

"ಇಪ್ಪತ್ತೆಂಟು ವರ್ಷ ನಡೆದಿದೆ. ಏನಾಗಿದೆ ಅದಕ್ಕೆ?"

"ವಯಸ್ಸಾಗಿದೆ."

"ನಿನಗೂ ಆಗಿದೆ. ಬಿಚ್ಚಿ ಬಿಸಾಕಿದೀವಾ?"

ಅತ್ತಿಗೆ ಅಡುಗೆಮನೆಯಿಂದಲೇ, "ಕೇಳಿಸ್ಕೊಂಡೆ, ಯೋಚನೆ ಮಾಡ್ತೀನಿ" ಎಂದರು.

ಅಣ್ಣ ಹಾಲು ತರಲು ಹೋದಾಗ ತಂಗಿ ಬಂದೂಕು ಎತ್ತಿಕೊಂಡಳು. ನಳಿಗೆ ಮಡಚುವಾಗ ಒಳಗೆ ಒಣ ಕಿರಗುಟ್ಟುವಿಕೆ ಕೇಳಿತು. ಎಣ್ಣೆ ಕಾಣದೆ ತಿಂಗಳುಗಳೇ ಆಗಿರಬೇಕು. ಕಿಸೆಯಿಂದ ಡ್ರಾಪರ್ ತೆಗೆದು ಎರಡು ಹನಿ ಬಿಟ್ಟಳು. ಯಾರಿಗೂ ಹೇಳಲಿಲ್ಲ. ಹೇಳಿದರೆ ಮಿಲಿಗ್ರಾಂ, ಡ್ರಾಪರ್ ಎಂದು ರಾತ್ರಿ ಊಟದ ತನಕ ನಗು.

ಭಾನುವಾರ ಬೆಳಿಗ್ಗೆ ಹಿತ್ತಲಿನ ಗೋಡೆಗೆ ಮರಳಿನ ಮೂಟೆ ಒರಗಿಸಿ, ಅದರ ಮುಂದೆ ಗುರಿಯ ಕಾಗದ ಸಿಕ್ಕಿಸಿದರು. ಅಮ್ಮ ಕುರ್ಚಿ ಹಾಕಿಸಿಕೊಂಡು ಕೂತರು. ಅಂಕ ಬರೆಯುವ ಕೆಲಸ ಅತ್ತಿಗೆಯದು. ಕಳೆದ ವರ್ಷ ಗೆದ್ದವನು ಅಣ್ಣ, ಅವನೇ ಮೊದಲು ಹೊಡೆಯಬೇಕು.

ಅವನು ಸ್ಟೂಲಿನ ಮೇಲೆ ಕೂತು, ಬಂದೂಕನ್ನು ಅಂಗೈ ಮೇಲೆ ಹಗುರಾಗಿ ಮಲಗಿಸಿ, ಉಸಿರು ಬಿಟ್ಟು ಟ್ರಿಗರ್ ಒತ್ತಿದ. ಬರಬೇಕಾದದ್ದು "ಟಪ್" ಎಂಬ ಸದ್ದು. ಬಂದದ್ದು "ಢಮ್ಮ್!" ನಳಿಗೆಯ ತುದಿಯಿಂದ ಬೀಡಿಯ ಹಾಗೆ ನೀಲಿ ಹೊಗೆ ಎದ್ದಿತು. ಪಕ್ಕದ ಮನೆಯ ತಾರಸಿಯ ಪಾರಿವಾಳಗಳೆಲ್ಲ ಒಟ್ಟಿಗೆ ಹಾರಿದವು.

"ಮೂಟೆಗೆ ತಾಗಿದೆ" ಎಂದರು ಅತ್ತಿಗೆ ಪೆನ್ಸಿಲ್ ಎತ್ತಿ. "ಮೂಟೆಗೆ ಎಷ್ಟು ಅಂಕ ಕೊಡ್ಲಿ?"

ಎರಡನೆಯದು ಕಾಗದದ ಮೇಲಂಚಿಗೆ, ಮೂರನೆಯದು ಕೆಳಗಂಚಿಗೆ. ಪ್ರತಿ ಸಲವೂ ಹೊಗೆ. ಅಣ್ಣ ನಳಿಗೆಯನ್ನು ತಿರುಗಿಸಿ ತಿರುಗಿಸಿ ನೋಡಿದ. "ನೋಡಿದ್ಯಾ? ನಿನ್ನ ಚರ್ಮ! ನಾನು ಹೇಳ್ಲಿಲ್ವಾ?"

ತಂಗಿಗೆ ನಾಲ್ಕನೆಯ ಗುಂಡಿಗೇ ಅರ್ಥವಾಯಿತು. ಚರ್ಮದ್ದೇನೂ ತಪ್ಪಿಲ್ಲ. ಎಣ್ಣೆ ಹೆಚ್ಚಾಗಿದೆ. ಪಿಸ್ಟನ್ ಗಾಳಿಯನ್ನು ಒಮ್ಮೆಲೇ ಹಿಂಡಿದಾಗ ಗಾಳಿ ಕಾಯುತ್ತದೆ, ಆ ಕಾವಿಗೆ ಎಣ್ಣೆ ಹೊತ್ತಿಕೊಳ್ಳುತ್ತದೆ, ಗುಂಡು ಒಂದೊಂದು ಸಲ ಒಂದೊಂದು ವೇಗದಲ್ಲಿ ಹೋಗುತ್ತದೆ. ಡೀಸೆಲ್ ಎಂಜಿನ್ನಿನ ಒಳಗೆ ನಡೆಯುವುದೂ ಇದೇ. ಆದರೆ ಹೊಡೆದಷ್ಟೂ ಎಣ್ಣೆ ಸುಟ್ಟು ಕಡಿಮೆಯಾಗುತ್ತದೆ. ಐದನೆಯದರ ಹೊಗೆ ಆಗಲೇ ನಾಲ್ಕನೆಯದಕ್ಕಿಂತ ತೆಳು. ಅಣ್ಣನ ಹತ್ತೂ ಮುಗಿಯುವ ಹೊತ್ತಿಗೆ ಬಂದೂಕು ಬಹುಪಾಲು ಸರಿಹೋಗಬಹುದು. ಆಮೇಲೆ ತನ್ನ ಸರದಿ.

ಸುಮ್ಮನಿದ್ದರೆ ಸಾಕು. ವಾಷರ್ ಉಳಿಯುತ್ತದೆ.

ಅವಳು ಆರನೆಯ ಗುಂಡಿನ ತನಕ ಸುಮ್ಮನಿದ್ದಳು. ಲ್ಯಾಬಿನಲ್ಲಿ ಕೊಳೆ ಸೀಸೆಯಲ್ಲಿ ನೀರು ತುಂಬಿ ತಂದವರನ್ನು, ಇದು ಪರೀಕ್ಷೆಯೇ ಅಲ್ಲ, ಮತ್ತೆ ತನ್ನಿ ಎಂದು ದಿನವೂ ವಾಪಸು ಕಳಿಸುವವಳು ಅವಳು. ಏಳನೆಯದಕ್ಕೆ ಅಣ್ಣ ನಳಿಗೆ ಮಡಚಿದಾಗ ತಡೆಯಲಾಗಲಿಲ್ಲ.

"ನಿಲ್ಸು ಅಣ್ಣ. ಇದು ಲೆಕ್ಕಕ್ಕಿಲ್ಲ, ಒಳಗೆ ಎಣ್ಣೆ ಹೆಚ್ಚಾಗಿದೆ. ನಿನ್ನೆ ನಾನು ಎಣ್ಣೆ ಹಾಕಿದ್ದೆ, ಎರಡು ಹನಿ."

ಅಣ್ಣ ಸ್ಟೂಲಿನಲ್ಲೇ ಅವಳ ಕಡೆ ತಿರುಗಿದ. "ನೀನಾ? ಟೀ ಕುಡಿದ ಮೇಲೆ ನಾನೂ ಎರಡು ಹಾಕಿದ್ನಲ್ಲೇ!"

"ಹೇಳ್ಬಾರದಾ?"

"ನೀನು ಹೇಳಿದ್ಯಾ?"

ತಂಗಿ ಮನಸ್ಸಿನಲ್ಲೇ ಲೆಕ್ಕ ಹಾಕಿದಳು. ನಾಲ್ಕು ಹನಿಗೆ ಇಷ್ಟು ಹೊಗೆ ಬರಬಾರದು. ಇಬ್ಬರೂ ಒಟ್ಟಿಗೆ ಕುರ್ಚಿಯ ಕಡೆ ತಿರುಗಿದರು.

"ನನ್ನನ್ನ ಯಾಕೆ ಹಾಗೆ ನೋಡ್ತೀರಿ?" ಅಮ್ಮ ಸೆರಗು ಸರಿಮಾಡಿಕೊಂಡರು. "ನೀವಿಬ್ಬರೂ ಮರೆಯೋ ಗಿರಾಕಿಗಳು. ಬೆಳಿಗ್ಗೆ ಎದ್ದು ನಾನೇ ಹಾಕ್ದೆ. ನಿಮ್ಮಪ್ಪ ಹೇಳಿದ ಹಾಗೆ ಎರಡೇ ಹನಿ."

"ಯಾವುದರಲ್ಲಿ ಹಾಕ್ದೆ ಅಮ್ಮ?"

"ಚಮಚದಲ್ಲಿ."

"ಚಮಚದಲ್ಲಾ!"

"ಹನಿ ಸಣ್ಣದು ಕಣಪ್ಪ, ನನ್ನ ಕಣ್ಣಿಗೆ ಕಾಣಲ್ಲ. ಕಾಣೋ ಅಷ್ಟು ಹಾಕ್ದೆ. ಎರಡು ಸಲ."

ಅತ್ತಿಗೆ ಅಂಕದ ಹಾಳೆಯಿಂದ ಮುಖ ಮುಚ್ಚಿಕೊಂಡರು. ಭುಜ ಕುಲುಕುವುದು ಮಾತ್ರ ಕಾಣುತ್ತಿತ್ತು. ಅಣ್ಣನಿಗೆ ನಗು ಎಷ್ಟು ಬಂತೆಂದರೆ ಸ್ಟೂಲು ಬಿಟ್ಟು ನೆಲದ ಮೇಲೆ ಕೂತ.

ಹಿಂದಿನ ಆರು ಗುಂಡಿನ ಅಂಕವನ್ನೂ ಅಳಿಸಿದ್ದಾಯಿತು. ಹೊಗೆ ನಿಲ್ಲುವ ತನಕ ಇಬ್ಬರೂ ಸರದಿಯ ಮೇಲೆ ಮೂಟೆಗೆ ಮೂವತ್ತು ಗುಂಡು ಹೊಡೆದರು. ಮೂವತ್ತೊಂದನೆಯದು "ಟಪ್" ಎಂದಿತು. ಆ ಸದ್ದು ಕೇಳಿ ಅಮ್ಮ, "ಹಾಂ, ಇದು ಅವರದೇ ಬಂದೂಕು" ಎಂದರು.

ಹೊಸ ಕಾಗದ ಸಿಕ್ಕಿಸಿದರು. ಅಣ್ಣನದು ಎಂಬತ್ತಮೂರು. ತಂಗಿಯದು ಒಂಬತ್ತು ಗುಂಡಿಗೆ ಎಪ್ಪತ್ತಾರು. ಗೆಲ್ಲಲು ಎಂಟು ಬೇಕು. ಹತ್ತನೆಯದಕ್ಕೆ ಅವಳ ಕೈ ಬಿಗಿಯಿತು. ಇಂಥ ಬಂದೂಕನ್ನು ಬಿಗಿಹಿಡಿದರೆ ಅದು ಮುನಿಸಿಕೊಳ್ಳುತ್ತದೆಂದು ಗೊತ್ತಿದ್ದೂ ಬಿಗಿಯಿತು. ಅತ್ತಿಗೆ ಹತ್ತಿರ ಹೋಗಿ ಬಗ್ಗಿ ನೋಡಿ, ಮೆಲ್ಲಗೆ, "ಐದು" ಎಂದರು.

ತಂಗಿ ಬಂದೂಕನ್ನು ಅಣ್ಣನ ಕೈಗೆ ಕೊಟ್ಟಳು. "ಹಾಕ್ಕೋ ನಿನ್ನ ಪ್ಲಾಸ್ಟಿಕ್ಕು" ಎಂದಳು. "ಹಳೇದನ್ನ ಬಿಸಾಕಬೇಡ, ನನಗೆ ಕೊಡು."

ಅಣ್ಣ ಅಂಗಿಯ ಜೇಬಿನಿಂದ ಪೊಟ್ಟಣ ತೆಗೆದು, ಕನ್ನಡಕ ಹಾಕಿಕೊಂಡು, ಹಿಂದಿನ ಸಣ್ಣ ಅಕ್ಷರ ಓದಿದ. ಓದುತ್ತ ಓದುತ್ತ ಹುಬ್ಬು ಮೇಲೇರಿತು.

"ಅಮ್ಮಾ, ಈ ಹೊಸ ವಾಷರ್‌ಗೆ ಎಣ್ಣೆ ಹಾಕಲೇಬಾರದಂತೆ. ಹಾಕಿದ್ರೆ ಹಾಳಾಗುತ್ತಂತೆ."

"ಹಾಕಲ್ಲಪ್ಪ" ಎಂದರು ಅಮ್ಮ. "ನನಗೇನು ಹುಚ್ಚಾ? ಎರಡೇ ಹನಿ."

ಅಣ್ಣ ಅಮ್ಮನನ್ನು ನೋಡಿದ, ತಂಗಿಯ ಕಿಸೆಯಿಂದ ಇಣುಕುತ್ತಿದ್ದ ಡ್ರಾಪರನ್ನು ನೋಡಿದ, ಕೊನೆಗೆ ಮೆಷಿನ್ ಎಣ್ಣೆಯ ಕಲೆ ಹೋಗದ ತನ್ನ ಬೆರಳುಗಳನ್ನೇ ನೋಡಿಕೊಂಡ. "ಈ ಮನೇಲಿ ಈ ನೀಲಿ ಬಡಪಾಯಿ ಒಂದು ವಾರ ಬದುಕಲ್ಲ" ಎಂದ. "ಗೆದ್ದವನ ಮಾತು ಇದು, ಎಲ್ಲರೂ ಕೇಳಿ. ಚರ್ಮಾನೇ ಇರ್ಲಿ. ಎಣ್ಣೆ ಹಾಕಿದವರು ಟ್ರಿಗರ್ ಹತ್ತಿರ ಒಂದು ಕೆಂಪು ದಾರ ಕಟ್ಟಬೇಕು. ದಾರ ಕಂಡರೆ ಇನ್ನೊಬ್ಬರು ಸೀಸೆ ಮುಟ್ಟಬಾರದು. ಚಮಚ ಅಂತೂ ಆ ಕಡೆ ಸುಳೀಬಾರದು."

"ದಾರ ನನ್ನ ಕಣ್ಣಿಗೆ ಕಾಣಬೇಕಲ್ಲ" ಎಂದರು ಅಮ್ಮ.

ಅತ್ತಿಗೆ ಮಫ್ಲರ್ ಹೆಣೆದು ಉಳಿಸಿದ್ದ ದಪ್ಪ ಕೆಂಪು ಉಣ್ಣೆಯನ್ನು ಅಣ್ಣ ಅಂದೇ ತಂದಿಟ್ಟ. ನೀಲಿ ವಾಷರ್ ಈಗ ಎಣ್ಣೆ ಸೀಸೆಯ ಅಡಿಯಲ್ಲಿದೆ, ಕಪಾಟಿಗೆ ಜಿಡ್ಡು ಹತ್ತದಂತೆ. ಅಷ್ಟು ಕೆಲಸಕ್ಕೆ ಅದು ಚೆನ್ನಾಗಿಯೇ ಇದೆ ಎಂದು ತಂಗಿಯೂ ಒಪ್ಪುತ್ತಾಳೆ.