ಕೋಟಿನ ತೋಳು

ದರ್ಜಿಯ ಕೈಗೊಂದು ರೋಗವಿತ್ತು. ಮನೆಯೊಳಗೆ ಬಂದ ಬಟ್ಟೆ ಯಾರದೇ ಇರಲಿ, ಒಂದಿಂಚು ಉದ್ದ ಕಂಡರೆ ಸಾಕು, ಸರಿಮಾಡುವ ತನಕ ಆ ಕೈ ಸುಮ್ಮನಿರುತ್ತಿರಲಿಲ್ಲ. ತಲೆಗೂ ಒಂದು ರೋಗವಿತ್ತು. ಅದನ್ನು ಅವನು ಜಾಣತನ ಎಂದು ಕರೆಯುತ್ತಿದ್ದ.

ಹೊರದೇಶದಲ್ಲಿ ನೆಲೆಸಿದ ಭಾವಮೈದುನ ಹೆಂಡತಿಯೊಡನೆ ರಜೆಗೆ ಬಂದರೆ ದರ್ಜಿ ಅವನನ್ನು ಮೊದಲು ಕರೆದೊಯ್ಯುತ್ತಿದ್ದುದೇ ಅಂಗಡಿಗೆ. ಅಂಥವರು ಪಾಸ್‌ಪೋರ್ಟ್ ತೋರಿಸಿದರೆ ಗಲ್ಲಾದಲ್ಲೇ ತೆರಿಗೆ ಬಿಡುತ್ತಿದ್ದರು. ಕೊಂಡದ್ದು ಅವರ ಜೊತೆ ದೇಶ ಬಿಟ್ಟು ಹೋಗಬೇಕೆಂಬುದು ನಿಯಮ. ದರ್ಜಿ ಕೊಳ್ಳಿಸಿದ ಇಸ್ತ್ರಿಪೆಟ್ಟಿಗೆ, ಫ್ಯಾನು, ಗೋಡೆ ಗಡಿಯಾರ ಮಾತ್ರ ಅವನ ಮನೆ ಬಿಟ್ಟು ಕದಲಿರಲಿಲ್ಲ.

ಈ ಸಲ ದರ್ಜಿ ತನ್ನ ಹೆಂಡತಿಗೊಂದು ಉಣ್ಣೆ ಕೋಟು ಆರಿಸಿ ಪಾಸ್‌ಪೋರ್ಟ್ ಮುಂದಿಟ್ಟಾಗ ಅಂಗಡಿಯ ಹುಡುಗಿ ತಲೆಯಾಡಿಸಿದಳು.

"ರೂಲ್ಸ್ ಬದಲಾಗಿದೆ ಸರ್. ಈಗ ಪೂರ್ತಿ ದುಡ್ಡು ಕಟ್ಟಬೇಕು. ವಿಮಾನ ನಿಲ್ದಾಣದಲ್ಲಿ ವಸ್ತು ತೋರಿಸಿದ್ರೆ ತೆರಿಗೆ ವಾಪಸ್ ಕೊಡ್ತಾರೆ."

"ಬಿಡಿ ಭಾವ, ಅಕ್ಕನಿಗೆ ನಾನೇ ಕೊಡಿಸ್ತೀನಿ, ತೆರಿಗೆ ಸಮೇತ," ಎಂದ ಭಾವಮೈದುನ.

ಅಷ್ಟಕ್ಕೇ ಒಪ್ಪಿದ್ದರೆ ಈ ಕತೆಯೇ ಇರುತ್ತಿರಲಿಲ್ಲ. ಅವರು ಚಾಪೆ ಕೆಳಗೆ ತೂರಿದರೆ ತಾನು ರಂಗೋಲಿ ಕೆಳಗೆ ತೂರುವವನು ಎಂದು ದರ್ಜಿ ಮೀಸೆ ತಿರುವಿದ.

"ಉಳಿಯೋ ದುಡ್ಡು ಯಾಕೆ ಬಿಡ್ಬೇಕು? ಅಲ್ಲಿ ತೋರ್ಸು, ಆಮೇಲೆ ಕಳಿಸೋಕೆ ಬಂದೋರನ್ನ ತಡೆಯೋ ಹಗ್ಗದ ಮೇಲಿಂದ ನಮ್ಮ ಕೈಗೆ ದಾಟ್ಸು. ನಿನ್ನ ಹೆಂಡ್ತಿ ಕೋಟು ಅಂದ್ರೆ ಆಯ್ತು."

ಭಾವಮೈದುನ ಸುಳ್ಳಾಡುವ ಪೈಕಿಯವನಲ್ಲ. ಆದರೂ ಅಕ್ಕನ ಗಂಡನ ಮಾತು ತೆಗೆದುಹಾಕಲು ನಾಲಿಗೆ ಏಳಲಿಲ್ಲ.

ಕೋಟು ಮನೆಯ ಗೂಟದಲ್ಲಿ ತೂಗುತ್ತಿತ್ತು. ದರ್ಜಿಯ ಹೆಂಡತಿ ಗಿಡ್ಡ, ಕೋಟಿನ ತೋಳು ಉದ್ದ. "ಅವರು ಹೋಗೋ ತನಕ ಮುಟ್ಟಬೇಡಿ," ಎಂದು ಅವಳು ಹೇಳಿಯೇ ಇದ್ದಳು. ಎರಡು ದಿನ ದರ್ಜಿ ತಡೆದುಕೊಂಡ. ಮೂರನೆಯ ದಿನ ಅವಳು ತಮ್ಮನಿಗೆಂದು ಅಡುಗೆಮನೆ ಸೇರಿದ್ದಾಗ ಕತ್ತರಿ ಹಿಡಿದ. ತೋಳು ಕತ್ತರಿಸಿ, ಅಂಚು ಮಡಚಿ, ಹೊಲಿಗೆ ಕಾಣದ ಹಾಗೆ ಹೊಲಿದು, ಮೇಲೆ ಇಸ್ತ್ರಿ ಹಾಕಿದ. ಬ್ರಹ್ಮ ಬಂದರೂ ಕಂಡುಹಿಡಿಯಲಾರ ಎಂದುಕೊಂಡ.

ಬ್ರಹ್ಮ ಬರಬೇಕಾಗಲಿಲ್ಲ. ನಿಲ್ದಾಣದ ಅಧಿಕಾರಿ ಕೋಟು ಎತ್ತಿ ಹಿಡಿದು, "ಇದು ಯಾರದು?" ಎಂದ.

"ನನ್ನ ಹೆಂಡತಿದು," ಎಂದ ಭಾವಮೈದುನ.

ಅಧಿಕಾರಿ ಪಕ್ಕದಲ್ಲಿ ನಿಂತಿದ್ದ ಅವಳನ್ನು ನೋಡಿದ. ಅವಳು ಗಂಡನಿಗಿಂತ ಎತ್ತರ. "ಒಂದ್ಸಲ ಹಾಕ್ಕೊಳಿ ಮೇಡಂ."

ಹಾಕಿಕೊಂಡಳು. ತೋಳು ಮಣಿಕಟ್ಟಿಗಿಂತ ಅರ್ಧ ಗೇಣು ಮೇಲೇ ನಿಂತುಬಿಟ್ಟಿತು. ಸರದಿಯಲ್ಲಿದ್ದವರು ಕಿಸಕ್ಕನೆ ನಕ್ಕರು. ಹಗ್ಗದ ಈಚೆ ಹೆಂಡತಿಯ ಪಕ್ಕ ನಿಂತಿದ್ದ ದರ್ಜಿಯ ಕಿವಿ ಕೆಂಡವಾಯಿತು. ಸುಳ್ಳು ಹೇಳಿಕೆ ಎಂದು ಬರೆದುಕೊಂಡರೆ ಭಾವಮೈದುನನ ಪ್ರಯಾಣ ಅಲ್ಲೇ ನಿಲ್ಲುತ್ತಿತ್ತು, ಮುಂದೆ ಬಂದುಹೋಗುವುದಕ್ಕೂ ಕಲ್ಲು ಬೀಳುತ್ತಿತ್ತು.

"ಅಳತೆಗೆ ಕೊಟ್ಟಿದ್ವಿ ಸರ್," ಎಂದ ಭಾವಮೈದುನ, ನೆಲ ನೋಡುತ್ತ. "ದರ್ಜಿ ಕೆಡಿಸಿಬಿಟ್ಟ."

ಅಧಿಕಾರಿಗೆ ನಗು ತಡೆಯಲಾಗಲಿಲ್ಲ. "ಎಂಥ ದರ್ಜಿ ರೀ ಅವನು? ಟೇಪ್ ಹಿಡಿಯೋಕೂ ಬರಲ್ವಾ?"

ಊರವರೆಲ್ಲ ಹೊಗಳಿದ ಕೈ ಅದು. 'ನಾನೇ ಮಾಡಿದ್ದು, ನನ್ನ ಹೆಂಡತಿಯ ಅಳತೆಗೆ, ಕೂದಲೆಳೆಯಷ್ಟೂ ತಪ್ಪಿಲ್ಲ' ಎನ್ನಲು ದರ್ಜಿ ಬಾಯಿ ತೆರೆದ. ಹೆಂಡತಿ ಅವನ ಮಣಿಕಟ್ಟು ಹಿಡಿದಳು.

"ಸುಮ್ನಿರಿ. ಅವನು ವಿಮಾನನಾದ್ರೂ ಹತ್ಲಿ."

ಹೌದಲ್ಲ. ಈಗ ನಿಜ ಹೇಳಿದರೆ ಸುಳ್ಳನಾಗುವವನು ಆ ಹುಡುಗ. ಬಾಯಲ್ಲಿ ಬಿಸಿ ತುಪ್ಪ, ನುಂಗುವ ಹಾಗಿಲ್ಲ, ಉಗುಳುವ ಹಾಗಿಲ್ಲ. ಭೂಮಿ ಬಾಯಿ ಬಿಟ್ಟಿದ್ದರೆ ದರ್ಜಿ ಇಳಿದುಬಿಡುತ್ತಿದ್ದ.

"ಕತ್ತರಿ ಬಿದ್ದ ವಸ್ತುವಿಗೆ ತೆರಿಗೆ ವಾಪಸ್ ಇಲ್ಲ," ಎಂದು ಅಧಿಕಾರಿ ರಸೀದಿ ಮರಳಿಸಿದ. "ಕೋಟು ನಿಮ್ದೇ ಅಂದ್ರಲ್ಲ, ಹಾಕ್ಕೊಂಡೇ ಹೋಗಿ. ವಿಮಾನದಲ್ಲಿ ಚಳಿ ಇರುತ್ತೆ."

ಅಧಿಕಾರಿಯ ಕಣ್ಣೆದುರಿಗೆ ಕೋಟು ಬಿಚ್ಚಿ ದಾಟಿಸುವುದು ಹೇಗೆ? ಭಾವಮೈದುನನ ಹೆಂಡತಿ ಮೋಟು ತೋಳಿನಲ್ಲೇ ಒಳಗೆ ನಡೆದಳು. ಭಾವಮೈದುನ ಬಾಗಿಲಲ್ಲಿ ತಿರುಗಿ ಅಕ್ಕನಿಗೆ ಕೈ ಬೀಸಿದ. ಭಾವನ ಕಡೆ ನೋಡಲಿಲ್ಲ. ಕೋಪಕ್ಕಲ್ಲ. ಕೆಟ್ಟ ದರ್ಜಿ ಎಂದುಬಿಟ್ಟೆನಲ್ಲ ಎಂಬ ಸಂಕೋಚಕ್ಕೆ. ಅದು ಗೊತ್ತಾಗಿ ದರ್ಜಿಗೆ ಇನ್ನಷ್ಟು ನಾಚಿಕೆಯಾಯಿತು.

ಬಸ್ಸಿನಲ್ಲಿ ಹೆಂಡತಿ ಹಳೆಯ ಶಾಲನ್ನು ಬಿಗಿಯಾಗಿ ಹೊದ್ದು ಕಿಟಕಿ ಕಡೆ ಮುಖ ಮಾಡಿ ಕೂತಿದ್ದಳು. ಹಾಗೇ ಕೇಳಿದಳು:

"ನಾನು ನಿಮ್ಮನ್ನ ಕೋಟು ಕೇಳಿದ್ನಾ? ವರ್ಷಕ್ಕೊಂದ್ಸಲ ಬರ್ತಾನೆ. ಇನ್ನು ಯಾವ ಮುಖ ಇಟ್ಕೊಂಡು ಅವನನ್ನ ಬಾ ಅನ್ಲಿ?"



ಮರುದಿನ ಬೆಳಿಗ್ಗೆ ಅವನು ಎದ್ದು ಬರುವಷ್ಟರಲ್ಲಿ ಅವಳು ಕುರ್ಚಿ ಹತ್ತಿ ಗೋಡೆ ಗಡಿಯಾರ ಒರೆಸುತ್ತಿದ್ದಳು. ಇಸ್ತ್ರಿಪೆಟ್ಟಿಗೆ, ಫ್ಯಾನು ಆಗಲೇ ಫಳಫಳ ಹೊಳೆಯುತ್ತಿದ್ದವು. ಒರೆಸುವ ಕೈಯಲ್ಲಿದ್ದದ್ದು ಅವನು ಕತ್ತರಿಸಿದ ತೋಳಿನ ತುಂಡು; ಆ ಕೋಟಿನದೆಂದು ಮನೆಯಲ್ಲಿ ಉಳಿದದ್ದು ಅದೊಂದೇ.